ಪೇಸ್ಟ್ರಿ ಶೆಫ್ ಆಗಲು ಫ್ರಾನ್ಸಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿದೆ. 33ನೇ ವಯಸ್ಸಿನಲ್ಲಿ ಅದನ್ನು ಬಿಟ್ಟು, ಪೇಸ್ಟ್ರಿ ಕಲಿಯಲು ಫ್ರಾನ್ಸಿನ ಲಿಯಾನ್ ಹತ್ತಿರದ ಒಂದು ಶಾಲೆಗೆ ಸೇರಿದೆ. ಈಗ ಅಲ್ಲೇ ಒಂದು ಸಣ್ಣ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮೈಸೂರಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಮನೆಗೆ ಬಂದು ಕೂರುತ್ತಾರೆ. "ನನಗೂ ಆಸೆ ಇದೆ, ಹೇಗೆ ಹೋಗೋದು?" ಅಂತ ಕೇಳುತ್ತಾರೆ. ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನನಗೆ ಗೊತ್ತಿರುವುದು ಫ್ರಾನ್ಸ್ ಮಾತ್ರ. ಆಸ್ಟ್ರೇಲಿಯಾ, ಕೆನಡಾದ ದಾರಿ ಬೇರೆ.

ಇಷ್ಟು ದೂರ ಹೋಗಲೇಬೇಕಾ? ಬೆಂಗಳೂರಿನಲ್ಲೇ ಕಲಿಯಬಹುದಲ್ವಾ?

ಖಂಡಿತ ಕಲಿಯಬಹುದು. ಬೆಂಗಳೂರಿನಲ್ಲಿ 2012ರಲ್ಲಿ ಶುರುವಾದ ಲವೋನ್ ಅಕಾಡೆಮಿಯಂಥ ಒಳ್ಳೆಯ ಶಾಲೆಗಳಿವೆ. ಸ್ವಂತ ಕೇಕ್ ವ್ಯಾಪಾರ ಮಾಡುವುದಷ್ಟೇ ನಿಮ್ಮ ಗುರಿಯಾದರೆ ಇಲ್ಲೇ ಕಲಿಯಿರಿ. ಉಳಿದ ದುಡ್ಡಿನಲ್ಲಿ ಒಂದು ಒಳ್ಳೆಯ ಅವನ್ ತಗೊಳ್ಳಿ.

ಹಾಗಾದರೆ ಫ್ರಾನ್ಸ್ ಯಾಕೆ? ಅಲ್ಲಿ ಇದು ಒಂದು ಕಸುಬು. ಸರ್ಕಾರ ಅದಕ್ಕೆ ಪರೀಕ್ಷೆ ಮಾಡುತ್ತದೆ, ಕಾನೂನು ಕಾಯುತ್ತದೆ. 1996ರ ಕಾಯ್ದೆ ಪ್ರಕಾರ ಅಲ್ಲಿ ಪೇಸ್ಟ್ರಿ ಅಂಗಡಿ ನಡೆಸಲು ಆ ಕಸುಬಿನ ಡಿಪ್ಲೊಮಾ ಇರಬೇಕು, ಇಲ್ಲವೇ ಮೂರು ವರ್ಷ ಕೆಲಸ ಮಾಡಿರಬೇಕು. ಊರಿಗೊಂದು ಅಂಗಡಿ, ಅಂಗಡಿಗೆ ನಿತ್ಯದ ಗಿರಾಕಿ. ಹಾಗಾಗಿ ಒಂದೇ ಕೆಲಸವನ್ನು ದಿನಕ್ಕೆ ಇನ್ನೂರು ಸಲ ಮಾಡುವ ಅವಕಾಶ ಸಿಗುತ್ತದೆ. ಕೈ ಪಳಗುವುದು ಅಲ್ಲೇ. ರೆಸಿಪಿ ಎಲ್ಲಿ ಬೇಕಾದರೂ ಸಿಗುತ್ತದೆ, ಆ ಇನ್ನೂರು ಸಲ ಸಿಗುವುದಿಲ್ಲ.

ನನಗೆ ಮೂವತ್ತು ದಾಟಿದೆ. ತಡವಾಯ್ತಾ?

ಇಲ್ಲ. ಕಸುಬು ಬದಲಿಸುವುದಕ್ಕೆ ಫ್ರೆಂಚರಲ್ಲಿ "ರಿಕಾನ್ವರ್ಸಿಯೋಂ" ಅನ್ನುವ ಪದವೇ ಇದೆ. ನನ್ನ ತರಗತಿಯಲ್ಲಿ ಬ್ಯಾಂಕಿನವರಿದ್ದರು, ನರ್ಸ್ ಇದ್ದರು, 48 ವರ್ಷದ ಲಾರಿ ಡ್ರೈವರ್ ಒಬ್ಬರಿದ್ದರು. ಅವರ ಕೈಯ ಸ್ಥಿರತೆ ನಮಗ್ಯಾರಿಗೂ ಬರಲಿಲ್ಲ.

ಒಂದು ಬಾಗಿಲು ಮಾತ್ರ ವಯಸ್ಸು ನೋಡುತ್ತದೆ. ಸಂಬಳ ಪಡೆಯುತ್ತಲೇ ಕಲಿಯುವ ಅಪ್ರೆಂಟಿಸ್ ಒಪ್ಪಂದ ಸಾಮಾನ್ಯವಾಗಿ 29 ವರ್ಷದವರೆಗೆ. ಅದೂ ಅಲ್ಲದೆ, ಹೊರದೇಶದಿಂದ ಆಗತಾನೇ ಬಂದವರಿಗೆ ಮೊದಲ ವರ್ಷವೇ ಸಿಗುವುದು ಕಷ್ಟ. ಆದ್ದರಿಂದ ಮೂವತ್ತರ ಮೇಲಿನವರು ಫೀಸು ಕಟ್ಟಿಯೇ ಕಲಿಯಬೇಕು ಅಂತ ಲೆಕ್ಕ ಹಾಕಿಕೊಳ್ಳಿ.

ಕೆಲಸ ಬಿಡುವ ಮುಂಚೆ ಏನು ಮಾಡಬೇಕು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಯಾರೂ ಇದನ್ನು ಮೊದಲು ಕೇಳುವುದಿಲ್ಲ ಅನ್ನುವುದೇ ನನ್ನ ಬೇಸರ.

ಒಂದು ತಿಂಗಳು ರಜೆ ಹಾಕಿ. ಸಂಬಳ ಇಲ್ಲದ ರಜೆಯಾದರೂ ಸರಿ. ನಿಮ್ಮ ಊರಿನ ಒಂದು ಬೇಕರಿಗೋ ಹೋಟೆಲಿನ ಪೇಸ್ಟ್ರಿ ವಿಭಾಗಕ್ಕೋ ಹೋಗಿ, ಕೈಮುಗಿದು ಕೇಳಿ ಸೇರಿಕೊಳ್ಳಿ. ಬೆಳಗಿನ ಜಾವ ನಾಲ್ಕಕ್ಕೆ ಹೋಗಿ. ಟ್ರೇ ತೊಳೆಯಿರಿ, ಮೈದಾ ಮೂಟೆ ಎತ್ತಿ, ನೆಲ ಒರೆಸಿ. ನಾನು ಹಾಸನ ಕಡೆಯವರು ನಡೆಸುವ ಒಂದು ಅಯ್ಯಂಗಾರ್ ಬೇಕರಿಯಲ್ಲಿ 26 ದಿನ ನಿಂತೆ. ಅಲ್ಲಿನ ಹಿರಿಯರು ಮೊದಲ ವಾರ ನನ್ನನ್ನು ಹಿಟ್ಟು ಮುಟ್ಟಲು ಬಿಡಲಿಲ್ಲ. "ಮೊದ್ಲು ನೋಡಮ್ಮ, ಕೈ ಆಮೇಲೆ" ಅಂದರು. ಖಾರ ಬನ್ನಿನ ಹಿಟ್ಟು ಉಬ್ಬಿದ್ದು ಸಾಕೋ ಇಲ್ಲವೋ ಅಂತ ಅವರು ಗಡಿಯಾರ ನೋಡಿ ಹೇಳುತ್ತಿರಲಿಲ್ಲ. ಬೆರಳ ತುದಿಯಿಂದ ಮೆಲ್ಲಗೆ ಒತ್ತುತ್ತಿದ್ದರು. ಗುಳಿ ನಿಧಾನಕ್ಕೆ ಅರ್ಧ ಮೇಲೆ ಬಂದರೆ "ಆಯ್ತು, ಹಾಕು ಒಳಗೆ" ಅನ್ನುತ್ತಿದ್ದರು. ಮುಂದೆ ಲಿಯಾನ್‌ನಲ್ಲಿ ನನ್ನ ಶೆಫ್ ಬ್ರಿಯೋಶ್ ಎಂಬ ಬೆಣ್ಣೆ-ಮೊಟ್ಟೆಯ ಮೆತ್ತನೆ ಬ್ರೆಡ್ಡಿನ ಹಿಟ್ಟಿಗೆ ಅದನ್ನೇ ಮಾಡಿದಾಗ ನನಗೆ ಕಣ್ಣು ತುಂಬಿ ಬಂತು.

ಆ ತಿಂಗಳು ಮುಗಿದ ಮೇಲೂ ನಾಳೆ ಬೆಳಗ್ಗೆ ಎದ್ದು ಹೋಗಬೇಕು ಅನ್ನಿಸಿದರೆ ಮುಂದುವರಿಯಿರಿ. ಭಾನುವಾರ ಮನೆಯಲ್ಲಿ ಕೇಕ್ ಮಾಡುವ ಖುಷಿಯೇ ಬೇರೆ, ಈ ಕೆಲಸವೇ ಬೇರೆ. ಮನೆಯ ಖುಷಿಯನ್ನು ಮನೆಯಲ್ಲೇ ಉಳಿಸಿಕೊಂಡರೂ ಅದರಲ್ಲಿ ಸೋಲೇನಿಲ್ಲ.

ಇನ್ನೊಂದು ವಿಷಯ. ಧೂಳಿನ ಅಲರ್ಜಿ, ಉಬ್ಬಸ ಇದ್ದರೆ ಮೊದಲೇ ವೈದ್ಯರಿಗೆ ತೋರಿಸಿ. ಹಿಟ್ಟಿನ ಧೂಳಿನಿಂದ ಬರುವ ಆಸ್ತಮಾ ಬೇಕರಿ ಕೆಲಸಗಾರರಲ್ಲಿ ನಿಜವಾಗಿಯೂ ಇದೆ. ಫ್ರಾನ್ಸಿನಲ್ಲಿ ಅದನ್ನು ಕಸುಬಿನ ಕಾಯಿಲೆ ಎಂದೇ ಒಪ್ಪಿದ್ದಾರೆ. ಬೆಂಗಳೂರಿನ ಹವೆಯಲ್ಲಿ ಸೀನುವವರು ಇದನ್ನು ಹಗುರವಾಗಿ ತಗೋಬೇಡಿ. ಅರ್ಧ ಕೋರ್ಸ್ ಆದ ಮೇಲೆ ಗೊತ್ತಾದರೆ ತುಂಬಾ ನೋವಾಗುತ್ತದೆ.

ಯಾವ ಶಾಲೆ? ಸಿಎಪಿ ಅಂದರೆ ಏನು?

ಸ್ಥೂಲವಾಗಿ ಎರಡು ದಾರಿ.

ಮೊದಲನೆಯದು ಹೆಸರುವಾಸಿ ಅಂತರರಾಷ್ಟ್ರೀಯ ಶಾಲೆಗಳು. ಪ್ಯಾರಿಸ್‌ನ ಲೆ ಕಾರ್ಡನ್ ಬ್ಲೂ 1895ರಲ್ಲಿ ಶುರುವಾದದ್ದು. ಅಲ್ಲಿ ಶೆಫ್ ಫ್ರೆಂಚ್‌ನಲ್ಲಿ ಹೇಳುತ್ತಾರೆ, ಪಕ್ಕದಲ್ಲೇ ಇಂಗ್ಲಿಷ್ ಅನುವಾದ ಇರುತ್ತದೆ. ಫೆರಾಂದಿ ಶಾಲೆಯಲ್ಲೂ ಇಂಗ್ಲಿಷ್‌ನಲ್ಲೇ ಪೇಸ್ಟ್ರಿ ಕೋರ್ಸ್ ಇದೆ, ಅದರ ಜೊತೆ ಇಂಟರ್ನ್‌ಶಿಪ್ ಇರುತ್ತದೆ. ಮುಂಬೈನಲ್ಲಿ ಲೆ ಫಿಫ್ಟೀನ್ ಅಂಗಡಿ ಕಟ್ಟಿದ ಪೂಜಾ ಧಿಂಗ್ರಾ ಕಲಿತದ್ದು ಕಾರ್ಡನ್ ಬ್ಲೂನಲ್ಲಿ. ಈ ಹೆಸರುಗಳಿಗೆ ಭಾರತದಲ್ಲಿ ಬೆಲೆ ಇದೆ. ಫೀಸೂ ಹಾಗೇ ಇದೆ.

ಎರಡನೆಯದು ಸಿಎಪಿ ಪಾಟಿಸಿಯೇ. ಇದು ಫ್ರೆಂಚ್ ಸರ್ಕಾರದ ಕಸುಬಿನ ಪ್ರಮಾಣಪತ್ರ. ಹದಿನಾರರ ಹುಡುಗರು ಎರಡು ವರ್ಷದಲ್ಲಿ ಮಾಡುತ್ತಾರೆ, ದೊಡ್ಡವರಿಗೆ ಒಂದು ವರ್ಷದೊಳಗಿನ ಕೋರ್ಸ್‌ಗಳಿವೆ. ರೂಆಂ ಊರಿನ ಐಎನ್‌ಬಿಪಿ ಎಂಬ ಬೇಕರಿ-ಪೇಸ್ಟ್ರಿ ಶಾಲೆ, ಇಸ್ಯಾಂಜೋ ಎಂಬ ಪುಟ್ಟ ಊರಿನ ರಾಷ್ಟ್ರೀಯ ಪೇಸ್ಟ್ರಿ ಶಾಲೆ ಇದಕ್ಕೆಲ್ಲ ಹೆಸರಾದವು. ಪರೀಕ್ಷೆ ವರ್ಷಕ್ಕೊಮ್ಮೆ. ಪ್ರಾಯೋಗಿಕದಲ್ಲಿ ಎರಡು ಭಾಗ, ಒಂದೊಂದೂ ಸುಮಾರು ಐದು ಗಂಟೆ. ಒಂದರಲ್ಲಿ ಪದರದ ಹಿಟ್ಟು, ಬಿಸ್ಕತ್ತು, ಪ್ರಯಾಣಕ್ಕೆ ಕಟ್ಟಿಕೊಡುವಂಥ ಕೇಕು. ಇನ್ನೊಂದರಲ್ಲಿ ಕ್ರೀಮಿನ ದೊಡ್ಡ ಕೇಕು, ಸಣ್ಣ ಪೇಸ್ಟ್ರಿಗಳು. 20ಕ್ಕೆ 10 ಬಂದರೆ ಪಾಸು.

ನಾನು ಸಿಎಪಿ ಆರಿಸಿಕೊಂಡೆ, ಇವತ್ತಿಗೂ ಅದನ್ನೇ ಹೇಳುತ್ತೇನೆ. ಅಲ್ಲಿನ ಯಾವ ಅಂಗಡಿಗೆ ಹೋದರೂ ಮೊದಲು ಕೇಳುವುದು ಅದನ್ನೇ. ಕೈ ಎಷ್ಟು ಬಲ್ಲದು ಅಂತ ಅದರಿಂದ ಅವರಿಗೆ ಅಂದಾಜು ಸಿಗುತ್ತದೆ.

ಒಂದು ಎಚ್ಚರಿಕೆ. ಸಿಎಪಿಯಲ್ಲಿ ಫ್ರೆಂಚ್, ಗಣಿತ, ಇತಿಹಾಸದಂಥ ಪತ್ರಿಕೆಗಳೂ ಇವೆ. ಫ್ರಾನ್ಸಿನ ಡಿಪ್ಲೊಮಾ ಇದ್ದವರಿಗೆ ಅದರಿಂದ ವಿನಾಯಿತಿ ಇದೆ. ನಮ್ಮ ಬಿ.ಇ., ಬಿ.ಕಾಂ.ಗೆ ವಿನಾಯಿತಿ ತಾನಾಗೇ ಬರುವುದಿಲ್ಲ. ಎನಿಕ್-ನಾರಿಕ್ ಸಂಸ್ಥೆಯಿಂದ ನಿಮ್ಮ ಪದವಿಗೆ ಹೋಲಿಕೆ ಪತ್ರ ಮಾಡಿಸಿಕೊಳ್ಳಿ. ಫೀಸು ಕಟ್ಟುವ ಮುಂಚೆಯೇ ಶಾಲೆಯವರಿಗೆ ತೋರಿಸಿ ಕೇಳಿ.

ಫ್ರೆಂಚ್ ಬೇಕೇ ಬೇಕಾ?

ಬೇಕೇ ಬೇಕು. ತರಗತಿ ಇಂಗ್ಲಿಷ್‌ನಲ್ಲಿ ನಡೆಯಬಹುದು, ಆದರೆ ಅಂಗಡಿಯ ಅಡುಗೆಮನೆಯಲ್ಲಿ ಇಂಗ್ಲಿಷ್ ನಡೆಯುವುದಿಲ್ಲ.

ನನ್ನ ಇಂಟರ್ನ್‌ಶಿಪ್‌ನ ಮೂರನೇ ದಿನ. ಒಂದು ಲೀಟರ್ ಹಾಲಿಗೆ ಪೇಸ್ಟ್ರಿ ಕ್ರೀಮ್ ಮಾಡಬೇಕಿತ್ತು. ಶೆಫ್ ಆ ತುದಿಯಿಂದ, ಕ್ರೀಮನ್ನು ಗಟ್ಟಿ ಮಾಡುವ ಪುಡಿಯ ಅಳತೆ ಕೂಗಿ ಹೇಳಿದರು, "ಕಾತ್ರ್ ವ್ಯಾಂ" ಅಂತ. ಕಾತ್ರ್ ಅಂದರೆ ನಾಲ್ಕು, ವ್ಯಾಂ ಅಂದರೆ ಇಪ್ಪತ್ತು. ನಾನು ಇಪ್ಪತ್ತನಾಲ್ಕು ಅಂದುಕೊಂಡೆ. ಫ್ರೆಂಚ್‌ನಲ್ಲಿ ಅದು ನಾಲ್ಕು ಇಪ್ಪತ್ತು, ಅಂದರೆ ಎಂಬತ್ತು. 80 ಗ್ರಾಂ ಬೇಕಾದ ಕಡೆ 24 ಗ್ರಾಂ ಹಾಕಿದೆ. ಎಷ್ಟು ಕುದಿಸಿದರೂ ಕ್ರೀಮು ಪಾಯಸದ ಹಾಗೆ ಹರಿಯುತ್ತಿತ್ತು. ಎಕ್ಲೇರ್ ತುಂಬಲು ಎಲ್ಲರೂ ಕಾಯುತ್ತಾ ನಿಂತಿದ್ದರು. ಎಂಟು ಮೊಟ್ಟೆಯ ಹಳದಿ, ಒಂದು ಲೀಟರ್ ಹಾಲು, ಒಂದು ವೆನಿಲಾ ಕೋಡು ಸಿಂಕಿಗೆ ಹೋಯಿತು. ಶೆಫ್ ಬೈಯಲಿಲ್ಲ. ಆದರೆ ಆ ವಾರವಿಡೀ ನನಗೆ ತಕ್ಕಡಿ ಮುಟ್ಟಲು ಕೊಡಲಿಲ್ಲ.

ಹಾಗಾಗಿ ಮೊದಲು ಸಂಖ್ಯೆ ಕಲಿಯಿರಿ. ನೂರರವರೆಗೆ, ಯಾರಾದರೂ ವೇಗವಾಗಿ ಹೇಳಿದರೂ ಬರೆದುಕೊಳ್ಳುವಷ್ಟು. ಆಮೇಲೆ ಕ್ರಿಯಾಪದಗಳು: ಕಡೆಯುವುದು, ಲಟ್ಟಿಸುವುದು, ಸೋಸುವುದು, ಅಚ್ಚಿಗೆ ಹಿಟ್ಟು ಕೂರಿಸುವುದು. "ಶೋ ದೆವಾಂ" ಅಂತ ಕೂಗಿದರೆ ಯಾರೋ ಬಿಸಿ ಟ್ರೇ ಹಿಡಿದು ಬರುತ್ತಿದ್ದಾರೆ ಅಂತ ಅರ್ಥ. ಅದು ಗೊತ್ತಿಲ್ಲದಿದ್ದರೆ ಕೈ ಸುಡುತ್ತದೆ. ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕನಿಷ್ಠ ಒಂದು ವರ್ಷ ಕಲಿತು ಹೋಗಿ. ಡೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಯಲ್ಲಿ ಬಿ1 ಅನ್ನುವ ಮಧ್ಯಮ ಮಟ್ಟ ಮುಟ್ಟಿದರೆ ಧೈರ್ಯವಾಗಿ ಹೊರಡಬಹುದು. ನಾನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎ2 ಹಿಡಿದು ಹೋದೆ, ಸಾಲಲಿಲ್ಲ.

ಕನ್ನಡದವರಿಗೆ ಒಂದು ಅನುಕೂಲವಿದೆ. ನೀನು, ನೀವು ಅನ್ನುವ ವ್ಯತ್ಯಾಸ ಅವರಲ್ಲೂ ಇದೆ, "ತು" ಮತ್ತು "ವು". ಯಾರಿಗೆ ಯಾವಾಗ ಏನನ್ನಬೇಕು ಅನ್ನುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಒಟ್ಟು ಎಷ್ಟು ಖರ್ಚಾಗುತ್ತದೆ?

ಲೆಕ್ಕಕ್ಕೆ ಒಂದು ಯೂರೋಗೆ ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. ದೊಡ್ಡವರ ಸಿಎಪಿ ಕೋರ್ಸಿಗೆ ಖಾಸಗಿ ಶಾಲೆಯಲ್ಲಿ ಹತ್ತು ಸಾವಿರ ಯೂರೋ ಆಸುಪಾಸು ಬೇಕಾಗುತ್ತದೆ. ಹೆಸರುವಾಸಿ ಶಾಲೆಗಳ ಪೂರ್ತಿ ಡಿಪ್ಲೊಮಾ ಅದರ ಎರಡು ಪಟ್ಟಿಗಿಂತ ಜಾಸ್ತಿ. ಇದರ ಮೇಲೆ ಊಟ, ಬಾಡಿಗೆ. ನಾನು ಹೋದಾಗ ವಿದ್ಯಾರ್ಥಿ ವೀಸಾಕ್ಕೆ ತಿಂಗಳಿಗೆ ಕನಿಷ್ಠ 615 ಯೂರೋ ತೋರಿಸಬೇಕಿತ್ತು. ಆದರೆ ಪ್ಯಾರಿಸ್‌ನಲ್ಲಿ ಅಷ್ಟಕ್ಕೆ ಒಂದು ಕೋಣೆ ಸಿಕ್ಕರೇ ಪುಣ್ಯ. ಸಣ್ಣ ಊರುಗಳಲ್ಲಿ ಬದುಕು ಸುಲಭ, ಭಾಷೆಯೂ ಬೇಗ ಬರುತ್ತದೆ.

ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 964 ಗಂಟೆ ದುಡಿಯಬಹುದು. ಆದರೆ ಬೆಳಗ್ಗೆ ಆರರಿಂದ ನಿಂತು ಕಲಿತವರಿಗೆ ಸಂಜೆ ಇನ್ನೊಂದು ಕೆಲಸ ಮಾಡಲು ಮೈಯಲ್ಲಿ ಕಸುವಿರುವುದಿಲ್ಲ. ಆ ದುಡ್ಡನ್ನು ನಂಬಿ ಹೊರಡಬೇಡಿ. ಒಂದೂವರೆ ವರ್ಷದ ಖರ್ಚು ಕೈಯಲ್ಲಿರಲಿ. ಮನೆ ಅಡವಿಟ್ಟು ಮಾತ್ರ ಹೋಗಬೇಡಿ. ಕಲಿತ ಮೇಲಿನ ಸಂಬಳ ಆ ಸಾಲ ತೀರಿಸುವಷ್ಟು ಇರುವುದಿಲ್ಲ.

ವೀಸಾ?

ಹೊರದೇಶದ ವಿದ್ಯಾರ್ಥಿಗಳಿಗಾಗಿ ಇರುವ ಫ್ರೆಂಚ್ ಸರ್ಕಾರಿ ಸಂಸ್ಥೆ ಕ್ಯಾಂಪಸ್ ಫ್ರಾನ್ಸ್ ಮೂಲಕ ಅರ್ಜಿ, ಅವರ ಜೊತೆ ಒಂದು ಸಂದರ್ಶನ, ಆಮೇಲೆ ವೀಸಾ ಅರ್ಜಿ. ಅಲ್ಲಿಗೆ ಹೋದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ವೀಸಾ ದಾಖಲು ಮಾಡಿಸಬೇಕು. ಎಲ್ಲವನ್ನೂ ನೀವೇ ಮಾಡಿಕೊಳ್ಳಬಹುದು. ನಾನು ಒಬ್ಬ ಏಜೆಂಟರಿಗೆ ದುಡ್ಡು ಕೊಟ್ಟೆ. ಅವರು ಮಾಡಿದ್ದು ನನ್ನ ಪತ್ರವನ್ನೇ ಇನ್ನೊಬ್ಬರ ಪತ್ರದ ಹಾಗೆ ತಿದ್ದಿದ್ದು. ಸಂದರ್ಶನದಲ್ಲಿ ಕೇಳುವುದು ಒಂದೇ: ಇಷ್ಟು ವರ್ಷ ಕಂಪ್ಯೂಟರ್ ಕೆಲಸ ಮಾಡಿದವರು ಈಗ ಇದಕ್ಕೆ ಯಾಕೆ ಬಂದಿರಿ? ಬೇಕರಿಯಲ್ಲಿ ನಿಂತ 26 ದಿನದ ಕಥೆ ಹೇಳಿದೆ. ಅಲ್ಲಿನ ಹಿರಿಯರು ಕನ್ನಡದಲ್ಲಿ ಬರೆದುಕೊಟ್ಟ ನಾಲ್ಕು ಸಾಲಿನ ಪತ್ರ ತೋರಿಸಿದೆ. ಬೇರೆ ಏನೂ ಕೇಳಲಿಲ್ಲ.

ಒಂದು ದಿನ ಹೇಗಿರುತ್ತದೆ?

ನಾಲ್ಕೂವರೆಗೆ ಎದ್ದು ಐದೂವರೆಗೆ ಒಳಗಿರುತ್ತೇನೆ. ಮೊದಲು ಕ್ರೋಸಾಂ ಒಲೆಗೆ ಹೋಗುತ್ತವೆ, ಆಮೇಲೆ ಟಾರ್ಟ್‌ಗಳು, ಹಿಂದೆಯೇ ನಾಳೆಯ ಹಿಟ್ಟು. ಮಧ್ಯಾಹ್ನ ಒಂದಕ್ಕೆ ಸ್ಟೀಲ್ ಮೇಜು ಉಜ್ಜಿ ಒರೆಸಿ ಮುಗಿಸುತ್ತೇವೆ. ಏಳೂವರೆ ಗಂಟೆಯಲ್ಲಿ ಕೂರುವುದು ಹತ್ತು ನಿಮಿಷ. ಸೊಂಟ, ಮುಂಗೈ, ಹಿಮ್ಮಡಿ ಮೂರನ್ನೂ ನೋಡಿಕೊಳ್ಳಬೇಕು. ಬೇರೆಯವರ ಹಬ್ಬವೇ ನಮ್ಮ ದುಡಿಮೆಯ ಕಾಲ. ಕ್ರಿಸ್ಮಸ್‌ಗೆ ಬ್ಯೂಶ್ ಕೇಕು, ಜನವರಿಯಲ್ಲಿ ಗಾಲೆಟ್ ಎಂಬ ಪದರದ ಕೇಕು, ಈಸ್ಟರ್‌ಗೆ ಚಾಕೊಲೇಟ್. ದೀಪಾವಳಿಗೆ ನನಗೆ ಈವರೆಗೆ ಒಮ್ಮೆಯೂ ರಜೆ ಸಿಕ್ಕಿಲ್ಲ.

ಮನೆ ಅಡುಗೆಯ ಅನುಭವ ಉಪಯೋಗಕ್ಕೆ ಬರುತ್ತದಾ?

ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬರುತ್ತದೆ. ನಮ್ಮ ಭಾಷೆಯಲ್ಲಿ "ಹದ" ಅನ್ನುವ ಒಂದು ಪದವಿದೆಯಲ್ಲ, ಈ ಕಸುಬೆಲ್ಲ ಅದರಲ್ಲೇ ಇದೆ.

ಪಾಕ ತಗೊಳ್ಳಿ. ಕಜ್ಜಾಯಕ್ಕೆ ಅಜ್ಜಿ ಬೆಲ್ಲದ ಪಾಕ ಹಿಡಿಯುವಾಗ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಕೂಡಿಸಿ ನೋಡುತ್ತಿದ್ದರು. ಮೆತ್ತಗಿನ ಉಂಡೆ ಆದರೆ ಸರಿ. ಶಾಲೆಯಲ್ಲಿ, ಮೊಟ್ಟೆಯ ಬಿಳಿಗೆ ಬಿಸಿ ಪಾಕ ಹಾಕಿ ಕಡೆಯುವ ಇಟಾಲಿಯನ್ ಮೆರಾಂಗ್ ಕಲಿಸಿದ ದಿನ ಸಕ್ಕರೆಯನ್ನು 118 ಡಿಗ್ರಿಗೆ ಕಾಯಿಸಿದೆವು. ಆ ಹದಕ್ಕೆ ಫ್ರೆಂಚರು ಇಟ್ಟ ಹೆಸರು "ಪೆತಿ ಬೂಲೆ", ಚಿಕ್ಕ ಉಂಡೆ ಅಂತಲೇ ಅರ್ಥ. ಹಳೆಯ ಶೆಫ್‌ಗಳು ಥರ್ಮಾಮೀಟರ್ ಬಿಟ್ಟು ತಣ್ಣೀರಲ್ಲಿ ಬೆರಳು ಅದ್ದಿಯೇ ನೋಡುತ್ತಾರೆ. ತರಗತಿಯಲ್ಲಿ ಮೊದಲ ಸಲಕ್ಕೇ ಅದು ಬಂದದ್ದು ನನಗೆ. ಆ ಶ್ರೇಯಸ್ಸು ಅಜ್ಜಿಯದು.

ಇನ್ನು ಚಿರೋಟಿ. ಹಾಳೆಗಳ ನಡುವೆ ಅಕ್ಕಿ ಹಿಟ್ಟು ಕಲಸಿದ ತುಪ್ಪ ಸವರಿ, ಸುತ್ತಿ, ಕತ್ತರಿಸಿ ಲಟ್ಟಿಸುತ್ತೇವೆ. ಪದರ ಬಿಡುವುದು ಆ ತುಪ್ಪದಿಂದ. ಫ್ರೆಂಚರ ಪದರದ ಹಿಟ್ಟಿನ ತತ್ವವೂ ಅದೇ. ಹಿಟ್ಟಿನೊಳಗೆ ಬೆಣ್ಣೆಯ ಹಾಳೆ ಮಡಚಿ, ಲಟ್ಟಿಸಿ, ಮತ್ತೆ ಮೂರಾಗಿ ಮಡಚುತ್ತಾರೆ. ಕ್ರೋಸಾಂಗೆ ಹೀಗೆ ಮೂರು ಸಲ, ಅಂದರೆ ಬೆಣ್ಣೆಯ 27 ಪದರ. ಪಫ್ ಹಿಟ್ಟಿಗೆ ಆರು ಸಲ, 729 ಪದರ. ಕಷ್ಟ ಇರುವುದು ಬೆಣ್ಣೆಯಲ್ಲಿ. ಜಾಸ್ತಿ ತಣ್ಣಗಿದ್ದರೆ ಒಳಗೇ ಚೂರು ಚೂರಾಗಿ ಒಡೆಯುತ್ತದೆ. ಬೆಚ್ಚಗಾದರೆ ಹಿಟ್ಟಿಗೆ ಇಳಿದು ಪದರವೇ ಇಲ್ಲ. ಲಟ್ಟಣಿಗೆಯಿಂದ ಬೆಣ್ಣೆಯನ್ನು ಬಡಿದು ಬಡಿದು, ಬಗ್ಗಿಸಿದರೆ ಮುರಿಯದೆ ಚರ್ಮದ ಹಾಗೆ ಬಾಗಬೇಕು, ಅಷ್ಟು ಹದ ಮಾಡಬೇಕು. ಹಿಟ್ಟು, ಬೆಣ್ಣೆ ಎರಡೂ ಬೆರಳಿಗೆ ಒಂದೇ ಗಟ್ಟಿ ಅನ್ನಿಸಬೇಕು. ಇದು ನನಗೆ ಬರಲು ಏಳು ತಿಂಗಳು ಹಿಡಿಯಿತು. ಬಂದ ದಿನ ಕ್ರೋಸಾಂ ಕೊಯ್ದಾಗ ಒಳಗೆ ಜೇನುಗೂಡಿನ ಹಾಗೆ ಕಂಡಿತು. ಶೆಫ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು.

ನಾನು ಸಸ್ಯಾಹಾರಿ. ಆಗುತ್ತದಾ?

ಮೊಟ್ಟೆ ಮುಟ್ಟುವುದೇ ಇಲ್ಲ ಅಂದರೆ ಈ ದಾರಿ ಬೇಡ. ದಿನಕ್ಕೆ ನೂರಾರು ಒಡೆಯಬೇಕು, ರುಚಿಯನ್ನೂ ನೋಡಬೇಕು. ಮೊಟ್ಟೆ ಸರಿ, ಮಾಂಸ ಬೇಡ ಅನ್ನುವವರಿಗೆ ಮುಖ್ಯ ತೊಡಕು ಜೆಲಾಟಿನ್, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ, ಕ್ರೀಮನ್ನು ಗಟ್ಟಿ ನಿಲ್ಲಿಸುವ ಪದಾರ್ಥ. ಮೂಸ್, ಹೊಳೆಯುವ ಗ್ಲೇಜ್ ಎಲ್ಲದರಲ್ಲೂ ಇರುತ್ತದೆ. ಅಲ್ಲಿ ಅದು ಸಾಮಾನ್ಯವಾಗಿ ಹಂದಿಯದ್ದು, ಕೆಲವು ಕಡೆ ದನದ್ದು. ರಮ್, ಕಿರ್ಷ್‌ನಂಥ ಮದ್ಯವೂ ಕ್ರೀಮಿಗೆ ಬೀಳುತ್ತದೆ. ನಾನು ಮೊದಲ ದಿನವೇ ಶೆಫ್‌ಗೆ ಹೇಳಿದೆ: ಎಲ್ಲವನ್ನೂ ಮಾಡುತ್ತೇನೆ, ಜೆಲಾಟಿನ್ ಇರುವುದನ್ನು ನಾಲಿಗೆ ತುದಿಯಲ್ಲಿ ನೋಡಿ ಉಗಿಯುತ್ತೇನೆ ಅಂತ. ಅವರು ಒಪ್ಪಿದರು. ನಿಮ್ಮ ಗೆರೆ ಎಲ್ಲಿದೆ ಅನ್ನುವುದನ್ನು ವಿಮಾನ ಹತ್ತುವ ಮುಂಚೆ ನೀವೇ ಎಳೆದುಕೊಳ್ಳಿ.

ಮನೆಯವರನ್ನು ಒಪ್ಪಿಸುವುದು ಹೇಗೆ?

"ಇಷ್ಟು ಓದಿ ಅಡುಗೆ ಕೆಲಸಕ್ಕೆ ಹೋಗ್ತೀಯಾ?" ಅಂತ ಅಮ್ಮ ಕೇಳಿದರು. ವಾದ ಮಾಡಿದರೆ ಜಗಳ ಆಗುತ್ತಿತ್ತು. ಬೇಕರಿಯ ಕೊನೆಯ ವಾರ ಅಪ್ಪ ಅಮ್ಮ ಇಬ್ಬರನ್ನೂ ಬೆಳಗ್ಗೆ ಐದಕ್ಕೆ ಕರೆದುಕೊಂಡು ಹೋದೆ. ಅಮ್ಮ ಒಂದು ಗಂಟೆ ನಿಂತು ನೋಡಿದರು. ಬರುವಾಗ ದಾರಿಯಲ್ಲಿ, "ಅಲ್ಲಿ ಚಳಿ ಜಾಸ್ತಿ ಅಲ್ವಾ, ಸ್ವೆಟರ್ ತಗೋಬೇಕು" ಅಂದರು. ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಆದರೆ ಲೆಕ್ಕದ ಹಾಳೆ ತೋರಿಸಿ. ಎಷ್ಟು ಉಳಿಸಿದ್ದೇನೆ, ಎಷ್ಟು ಖರ್ಚು, ಆಗದಿದ್ದರೆ ಯಾವ ತಿಂಗಳು ವಾಪಸ್ ಬರುತ್ತೇನೆ. ಅವರ ಭಯಕ್ಕೆ ಒಂದು ಅಂಕಿ ಸಿಕ್ಕರೆ ಅರ್ಧ ಕಡಿಮೆಯಾಗುತ್ತದೆ.

ಕಲಿತ ಮೇಲೆ ಅಲ್ಲೇ ಉಳಿಯಬಹುದಾ?

ನೇರವಾಗಿ ಹೇಳುತ್ತೇನೆ. ಓದು ಮುಗಿದ ಮೇಲೆ ಕೆಲಸ ಹುಡುಕಲು ಕೊಡುವ ಪರವಾನಗಿ ಮಾಸ್ಟರ್ಸ್‌ನಂಥ ಮೇಲಿನ ಪದವಿಯವರಿಗೆ. ಸಿಎಪಿಗೆ ಅದು ಸಿಗುವುದಿಲ್ಲ. ನಿಮ್ಮನ್ನು ಬೇಕು ಅನ್ನುವ ಮಾಲೀಕರು ಕೆಲಸದ ಪರವಾನಗಿಗೆ ಅರ್ಜಿ ಹಾಕಬೇಕು. ನನಗೆ ಇಂಟರ್ನ್‌ಶಿಪ್ ಮಾಡಿದ ಅಂಗಡಿಯವರೇ ಹಾಕಿದರು. ಕಾಗದ ಕೈಗೆ ಬರುವ ಹೊತ್ತಿಗೆ ಐದು ತಿಂಗಳಾಗಿತ್ತು. ಹೊಸಬರ ಸಂಬಳ ಕನಿಷ್ಠ ವೇತನದ ಆಸುಪಾಸು. 2024ರ ಕೊನೆಯಲ್ಲಿ ಅದು ತಿಂಗಳಿಗೆ 1,801 ಯೂರೋ, ಕೈಗೆ ಬರುವುದು 1,400 ಚಿಲ್ಲರೆ. ಬೆಂಗಳೂರಿನ ನನ್ನ ಹಳೆಯ ಸಂಬಳಕ್ಕೆ ಹೋಲಿಸುವ ಅಭ್ಯಾಸವನ್ನು ಮೊದಲ ವರ್ಷವೇ ಬಿಟ್ಟೆ.

ವಾಪಸ್ ಬರುವವರಿಗೆ ಬೆಂಗಳೂರಿನಲ್ಲಿ ಒಳ್ಳೆಯ ಕಾಲ ಇದೆ. ಆದರೆ ಹಿಟ್ಟು, ಬೆಣ್ಣೆ ಎರಡೂ ಬೇರೆ. ಅಲ್ಲಿ ಪದರಕ್ಕೆ ಬಳಸುವ ಬೆಣ್ಣೆಯಲ್ಲಿ ಕೊಬ್ಬು 84 ಶೇಕಡಾ, ನೀರು ಕಡಿಮೆ. ನಮ್ಮ ಅಂಗಡಿಯ ಬೆಣ್ಣೆ 80ರ ಹತ್ತಿರ, ಬಹುಪಾಲು ಉಪ್ಪು ಹಾಕಿದ್ದು. ಏಪ್ರಿಲ್ ಬಿಸಿಲಿನಲ್ಲಿ ತಂಪು ಕೋಣೆ ಇಲ್ಲದೆ ಕ್ರೋಸಾಂ ಆಗುವುದಿಲ್ಲ. ಆರು ತಿಂಗಳು ಮತ್ತೆ ಹದ ಹುಡುಕಲು ಇಟ್ಟುಕೊಳ್ಳಿ.

ಏನೇನು ತಗೊಂಡು ಹೋಗಬೇಕು?

ಚಾಕು, ಪೈಪಿಂಗ್ ಮೂತಿ ಯಾವುದೂ ಬೇಡ. ಶಾಲೆಯವರು ಕೊಡುತ್ತಾರೆ, ಇಲ್ಲದಿದ್ದರೆ ಅಲ್ಲೇ ಸಿಗುತ್ತದೆ. ಜಾರದ, ಮುಂಭಾಗ ಗಟ್ಟಿಯಿರುವ ಶೂ ಒಳ್ಳೆಯದೇ ತಗೊಳ್ಳಿ, ಅದರಲ್ಲಿ ದುಡ್ಡು ಉಳಿಸಬೇಡಿ. ಪದವಿ ಪ್ರಮಾಣಪತ್ರ, ಜನನ ಪ್ರಮಾಣಪತ್ರಗಳ ಫ್ರೆಂಚ್ ಅನುವಾದ ಮೂರು ಮೂರು ಪ್ರತಿ. ಜೇಬಿಗೆ ಹಿಡಿಸುವ ಸಣ್ಣ ನೋಟ್‌ಬುಕ್, ಪೆನ್ಸಿಲ್. ಒದ್ದೆ ಕೈಯಲ್ಲಿ ಪೆನ್ನು ಬರೆಯುವುದಿಲ್ಲ. ಒಂದು ಡಬ್ಬಿ ಹುಳಿಪುಡಿ, ಒಂದು ಚಟ್ನಿಪುಡಿ. ಇಡೀ ದಿನ ಸಿಹಿ ನೋಡಿದ ನಾಲಿಗೆಗೆ ರಾತ್ರಿ ಬಿಸಿ ಅನ್ನ, ಸಾರು ಬೇಕಾಗುತ್ತದೆ.